ದಿನಸಿ ಚೀಟಿಯನ್ನು ಎರಡಾಗಿ ಹರಿಯಿರಿ

ನಮ್ಮ ಮನೆಯಲ್ಲಿ ತಿಂಗಳ ಸಾಮಾನಿನ ಚೀಟಿ ಬರೆಯುವುದು ಕಳೆದ ತಿಂಗಳ ಕ್ಯಾಲೆಂಡರ್ ಹಾಳೆಯ ಬೆನ್ನಿನ ಮೇಲೆ. ಬಹಳ ವರ್ಷ ಆ ಹಾಳೆ ಬೀದಿಯ ತುದಿಯಲ್ಲಿರುವ ಶೆಟ್ಟರ ಅಂಗಡಿಗೆ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಅಂಗಡಿಯ ಹುಡುಗ ಸೈಕಲ್ಲಿನಲ್ಲಿ ಮೂಟೆ ತಂದು ಇಳಿಸುತ್ತಿದ್ದ. ಆಮೇಲೆ ನಾಲ್ಕು ಕಿಲೋಮೀಟರ್ ಆಚೆ ದೊಡ್ಡದೊಂದು ರಿಯಾಯಿತಿ ಮಳಿಗೆ ತೆರೆಯಿತು. ಮೊದಲ ಬಿಲ್ಲಿನ ಕೆಳಗೆ ‘ನೀವು ಉಳಿಸಿದ ಹಣ’ ಎಂದು ಅಚ್ಚಾಗಿದ್ದ ಅಂಕಿ ನೋಡಿ ಮನೆಯವರೆಲ್ಲ ಬೆರಗಾದೆವು. ಇಷ್ಟು ದಿನ ಶೆಟ್ಟರು ನಮ್ಮನ್ನು ಸುಲಿದರೇ ಎಂದು ಸಿಟ್ಟೂ ಬಂತು. ಎರಡು ವರ್ಷ ಇಡೀ ಚೀಟಿ ಅಲ್ಲಿಗೇ ಹೋಯಿತು. ಈಗ ಬೆರಗೂ ಇಳಿದಿದೆ, ಸಿಟ್ಟೂ ಇಳಿದಿದೆ. ಹಾಳೆಯನ್ನು ಹರಿದು ಒಂದು ತುಂಡನ್ನು ಅಲ್ಲಿಗೆ, ಇನ್ನೊಂದನ್ನು ಇಲ್ಲಿಗೆ ಒಯ್ಯುತ್ತೇವೆ. ಎಲ್ಲಿ ಹರಿಯಬೇಕು ಎಂಬುದನ್ನು ಕಲಿಯಲು ಸ್ವಲ್ಪ ದುಡ್ಡು ಕಳೆದುಕೊಂಡಿದ್ದೇನೆ, ಆದ್ದರಿಂದ ಹೇಳುವ ಹಕ್ಕಿದೆ.

‘ಯಾವ ಅಂಗಡಿ ಅಗ್ಗ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಒಂದೊಂದು ಸಾಮಾನಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಬೇರೆ: ಎರಡು ಅಂಗಡಿಗಳಲ್ಲಿ ಒಂದೇ ಹೆಸರಿನಿಂದ ಮಾರಾಟವಾಗುವ ಇದು ನಿಜಕ್ಕೂ ಒಂದೇ ವಸ್ತುವೇ? ಟೂತ್‌ಪೇಸ್ಟ್ ಆದರೆ ಹೌದು. ತೊಗರಿ ಬೇಳೆಯಾದರೆ ಅಲ್ಲ. ಎಲ್ಲಿ ಕೊಂಡರೂ ಒಂದೇ ಆಗಿರುವುದನ್ನು ಬೆಲೆ ನೋಡಿ ಕೊಳ್ಳಿ. ಅಂಗಡಿಯಿಂದ ಅಂಗಡಿಗೆ ಬೇರೆಯಾಗುವುದನ್ನು ಕಣ್ಣು, ಮೂಗು, ಬೆರಳುಗಳನ್ನು ಬಳಸಿ ಕೊಳ್ಳಿ. ಚೀಟಿ ಹರಿಯಬೇಕಾದ ಗೆರೆ ಅದೇ.

ರಿಯಾಯಿತಿ ಎಲ್ಲಿಂದ ಬರುತ್ತದೆ

ನಮ್ಮ ಊರುಗಳಲ್ಲಿ ರಿಯಾಯಿತಿ ಮಳಿಗೆ ಎಂದರೆ ಮೊದಲು ನೆನಪಾಗುವುದು ಡಿ-ಮಾರ್ಟ್. ರಾಧಾಕಿಶನ್ ದಮಾನಿ 2002ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಅದರ ಮೊದಲ ಮಳಿಗೆ ತೆರೆದರು. 2017ರಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಬಂತು, ಈಗ ದೇಶದಲ್ಲಿ 400ಕ್ಕೂ ಹೆಚ್ಚು ಮಳಿಗೆಗಳಿವೆ. ಅಲ್ಲಿ ಬೆಲೆ ಕಡಿಮೆಯಾಗುವುದರ ಹಿಂದೆ ಮಂತ್ರವೇನೂ ಇಲ್ಲ. ಹೆಚ್ಚಿನ ಕಟ್ಟಡಗಳು ಕಂಪನಿಯ ಸ್ವಂತದ್ದು, ಬಾಡಿಗೆಯ ಕಾಟವಿಲ್ಲ. ಬೇಗ ಖರ್ಚಾಗುವ ಸಾಮಾನನ್ನು ಮಾತ್ರ ದೊಡ್ಡ ಪ್ರಮಾಣದಲ್ಲಿ ತರಿಸುತ್ತಾರೆ. ಪೂರೈಸಿದವರಿಗೆ ಹಣವನ್ನು ಬೇಗ ಕೊಟ್ಟು, ಅದಕ್ಕೆ ಬದಲಾಗಿ ಬೆಲೆ ಇಳಿಸಿಕೊಳ್ಳುತ್ತಾರೆ. ಇನ್ನುಳಿದ ದೊಡ್ಡ ಬಜಾರುಗಳ ಲೆಕ್ಕವೂ ಹೆಚ್ಚುಕಡಿಮೆ ಇದೇ ದಾರಿಯದು, ಆದರೆ ಅಲ್ಲಿ ತಿಂಗಳಿಗೊಮ್ಮೆ ಬರುವ ಕೊಡುಗೆಗಳ ಅಬ್ಬರ ಜಾಸ್ತಿ.

ಆಹಾರದ ಮೇಲೆ ಇಂಥ ಮಳಿಗೆಗಳು ಇಟ್ಟುಕೊಳ್ಳುವ ಲಾಭ ಸಣ್ಣದು. ಬಟ್ಟೆ, ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಡಬ್ಬಿ, ಬಕೆಟ್ಟುಗಳ ಮೇಲೆ ದೊಡ್ಡದು. ಸಕ್ಕರೆಯಲ್ಲಿ ಉಳಿಸಿದ ಇಪ್ಪತ್ತು ರೂಪಾಯಿ ಮೇಲಿನ ಮಹಡಿಯಲ್ಲಿ ಮುಚ್ಚಳವಿರುವ ಡಬ್ಬಿಯಾಗಿ ಹೊರಟುಹೋಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಅಂಥ ಹನ್ನೊಂದು ಡಬ್ಬಿಗಳಿವೆ, ನಾಲ್ಕರಲ್ಲಿ ಮಾತ್ರ ಏನಾದರೂ ಇದೆ. ಮೇಲಿನ ಮಹಡಿಗೆ ಹತ್ತದೆ ಬರುವ ಶಕ್ತಿ ಇದ್ದವರಿಗೆ ಮಾತ್ರ ಈ ಬರಹದ ಮುಂದಿನ ಲೆಕ್ಕಗಳು ಅನ್ವಯಿಸುತ್ತವೆ.

ಕಪಾಟುಗಳೂ ಬದಲಾಗಿವೆ. ಮೊದಮೊದಲು ಅಲ್ಲಿ ಬೇಳೆ, ಎಣ್ಣೆ, ಸೋಪು, ಬಿಸ್ಕತ್ತು ಬಿಟ್ಟರೆ ಹೆಚ್ಚೇನೂ ಇರುತ್ತಿರಲಿಲ್ಲ. ಈಗ ದೋಸೆ ಹಿಟ್ಟು, ಅರೆಬೆಂದ ಚಪಾತಿ, ಹೆಪ್ಪುಗಟ್ಟಿದ ಪರೋಟ, ಪೊಟ್ಟಣದ ಜೋಳದ ರೊಟ್ಟಿ, ಓಟ್ಸ್, ಕಿವಿ ಹಣ್ಣು ಎಲ್ಲವೂ ಬಂದು ಕುಳಿತಿವೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಘೋಷಿಸಿದಾಗ ನವಣೆ, ಸಾಮೆ, ಹಾರಕಗಳಿಗೂ ಎದ್ದು ಕಾಣುವ ಜಾಗ ಸಿಕ್ಕಿತ್ತು. ನಾನು ಹೋಗುವ ಮಳಿಗೆಯಲ್ಲಿ ಈಗ ಆ ಜಾಗವನ್ನು ಸಿರಿಧಾನ್ಯದ ನೂಡಲ್ಸ್ ಮತ್ತು ಕುಕ್ಕೀಸ್ ಆಕ್ರಮಿಸಿವೆ, ಕಾಳು ಕೆಳಗಿನ ಅಂತಸ್ತಿಗೆ ಇಳಿದಿದೆ. ಬೇಗ ಖರ್ಚಾಗದ ವಸ್ತುವಿಗೆ ಆ ಕಪಾಟಿನಲ್ಲಿ ಆಯುಸ್ಸು ಕಡಿಮೆ. ಹೋದ ತಿಂಗಳು ಸಿಕ್ಕ ಬ್ರ್ಯಾಂಡು ಈ ತಿಂಗಳು ಇಲ್ಲದಿದ್ದರೆ ಯಾರನ್ನು ಕೇಳಿಯೂ ಪ್ರಯೋಜನವಿಲ್ಲ. ಶೆಟ್ಟರಾದರೆ ‘ಗುರುವಾರ ತರಿಸುತ್ತೇನೆ’ ಎನ್ನುತ್ತಾರೆ, ಮತ್ತು ಬಹಳ ಸಲ ತರಿಸುತ್ತಾರೆ.

ಮಳಿಗೆಗೆ ಹೋಗುವ ತುಂಡು

ಸೋಪು, ಶಾಂಪೂ, ಟೂತ್‌ಪೇಸ್ಟ್, ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಬಿಲ್ಲೆ, ಬಿಸ್ಕತ್ತು, ಚಹಾ ಪುಡಿ, ಪೊಟ್ಟಣದ ಎಣ್ಣೆ, ಉಪ್ಪು, ಸಕ್ಕರೆ. ಇವು ಕಾರ್ಖಾನೆಯಲ್ಲಿ ಮೊಹರಾಗಿ ಬರುತ್ತವೆ, ಮಾರುವವನ ಕೈಚಳಕಕ್ಕೆ ಇಲ್ಲಿ ಜಾಗವಿಲ್ಲ. ಬೀದಿಯ ಅಂಗಡಿಯಲ್ಲಿ ಇವನ್ನು ಸಾಮಾನ್ಯವಾಗಿ ಎಂಆರ್‌ಪಿಗೇ ಕೊಡುತ್ತಾರೆ, ಅವರಿಗೆ ಸಿಗುವ ಲಾಭಾಂಶವೂ ಅಷ್ಟಕ್ಕಷ್ಟೇ. ಮಳಿಗೆಯಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ. ಸಕ್ಕರೆಯಲ್ಲಿ ಹರಳಿನ ಗಾತ್ರ ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲವಾದ್ದರಿಂದ, ಮಳಿಗೆಯವರೇ ಕಟ್ಟಿದ ಸ್ವಂತ ಹೆಸರಿನ ಪೊಟ್ಟಣವನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.

ಆದರೆ ದೊಡ್ಡ ಅಕ್ಷರದ ಬೆಲೆಯನ್ನು ನಂಬಬೇಡಿ. ಪೊಟ್ಟಣದ ಹಿಂಬದಿಯಲ್ಲಿ ಎಂಆರ್‌ಪಿಯ ಪಕ್ಕ ಒಂದು ಗ್ರಾಮಿಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಎಂಬ ಸಣ್ಣ ಅಂಕಿ ಇರುತ್ತದೆ. 2022ರಿಂದ ಇದನ್ನು ಮುದ್ರಿಸಬೇಕೆಂಬ ನಿಯಮವಿದೆ. ಅದೇ ಹೊತ್ತಿಗೆ, ಇಂತಿಷ್ಟೇ ತೂಕದಲ್ಲಿ ಪೊಟ್ಟಣ ಕಟ್ಟಬೇಕೆಂಬ ಹಳೆಯ ಕಟ್ಟುಪಾಡು ಹೋಯಿತು, ತೂಕಗಳು ಮನಬಂದಂತಾದವು. ಇದರ ಅತಿ ದೊಡ್ಡ ಆಟ ನಡೆಯುವುದು ಅಡುಗೆ ಎಣ್ಣೆಯಲ್ಲಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲೇ ಅದೇ ಎತ್ತರದ, ಅದೇ ಹಳದಿ ಬಣ್ಣದ ಇನ್ನೊಂದು ಪೊಟ್ಟಣ 850 ಗ್ರಾಮಿನದು ಇರಬಹುದು. ಲೆಕ್ಕಕ್ಕೆಂದು ಮೊದಲಿನದು 150 ರೂಪಾಯಿ, ಎರಡನೆಯದು 142 ಎಂದು ಇಟ್ಟುಕೊಳ್ಳಿ. ಎಂಟು ರೂಪಾಯಿ ಉಳಿಯಿತು ಎನಿಸುತ್ತದೆ. ಕೆ.ಜಿ.ಗೆ ಹಾಕಿ ನೋಡಿದರೆ ಮೊದಲಿನದು ಸುಮಾರು 165 ರೂಪಾಯಿ, ಎರಡನೆಯದು 167. ಅಗ್ಗವೆಂದು ಎತ್ತಿಕೊಂಡದ್ದೇ ದುಬಾರಿ. ಲೀಟರ್ ಎಂದು ಬರೆದಿದೆಯೋ, ಬರೀ ಗ್ರಾಂ ಇದೆಯೋ ಎಂಬುದನ್ನು ನೋಡದೆ ಎಣ್ಣೆ ಕೊಳ್ಳಬೇಡಿ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಸೋಪು, ಶಾಂಪೂ, ಟೂತ್‌ಪೇಸ್ಟ್, ತುಪ್ಪ, ಬೆಣ್ಣೆಗಳ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ. ಅದಕ್ಕೂ ಮೊದಲಿನ ಬೆಲೆಗಳನ್ನು ತಲೆಯಲ್ಲಿಟ್ಟುಕೊಂಡು ‘ಇಲ್ಲಿ ಎಷ್ಟು ಕಡಿಮೆ!’ ಎಂದು ಹಿಗ್ಗಿದರೆ, ಸರ್ಕಾರ ಇಳಿಸಿದ್ದನ್ನು ಮಳಿಗೆಯ ಖಾತೆಗೆ ಜಮಾ ಮಾಡಿದಂತಾಗುತ್ತದೆ.

ಅಂಗಡಿಗೆ ಹೋಗುವ ತುಂಡು

ಹಳೇ ಮೈಸೂರಿನ ಕಡೆ ದಿನಸಿ, ಉತ್ತರದಲ್ಲಿ ಕಿರಾಣಿ, ಕರಾವಳಿಯಲ್ಲಿ ಜೀನಸು. ಹೆಸರು ಯಾವುದಾದರೂ ಅಂಗಡಿಯ ಪರೀಕ್ಷೆ ನಡೆಯುವುದು ಅಕ್ಕಿಯಲ್ಲೇ. ನನ್ನ ಅಮ್ಮ ನಾಲ್ಕು ಕಾಳು ಅಕ್ಕಿಯನ್ನು ಬಾಯಿಗೆ ಹಾಕಿ ಕಟ್ ಎಂದು ಕಚ್ಚಿ, ‘ಇದು ಹೊಸದು, ಅನ್ನ ಮುದ್ದೆಯಾಗುತ್ತದೆ’ ಎಂದು ಚೀಲವನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಸೋನಾ ಮಸೂರಿಯಲ್ಲಿ ಹಳೆಯದಕ್ಕೂ ಹೊಸದಕ್ಕೂ ಅಜಗಜಾಂತರ. ಹಳೆಯ ಅಕ್ಕಿ ನೀರು ಜಾಸ್ತಿ ಕುಡಿದು ಉದುರುದುರಾಗಿ ಅರಳುತ್ತದೆ, ಒಂದು ಪಾವು ಕಡಿಮೆ ಹಾಕಿದರೂ ಮನೆಮಂದಿಗೆ ಸಾಕಾಗುತ್ತದೆ. ಮಳಿಗೆಯ ಚೀಲದ ಮೇಲೆ ತಿಂಗಳು, ವರ್ಷ ಅಚ್ಚಾಗಿರುವುದು ನಿಜ. ಅದು ಚೀಲಕ್ಕೆ ತುಂಬಿದ ದಿನ, ಭತ್ತ ಕೊಯ್ದ ದಿನವಲ್ಲ. ಅಕ್ಕಿಯ ವಯಸ್ಸನ್ನು ಹೇಳುವ ಕಾಗದ ಯಾವುದೂ ಇಲ್ಲ, ಹೇಳಬಲ್ಲವನು ಮಾರುವವನೊಬ್ಬನೇ. ಅವನು ಸುಳ್ಳು ಹೇಳಿದರೆ ಮರುದಿನ ಹೋಗಿ ಜಗಳವಾಡುವಷ್ಟು ಹತ್ತಿರದಲ್ಲಿ ಅವನಿರಬೇಕು.

ಬೆಲೆಯಲ್ಲೂ ಇಲ್ಲಿ ಅಂಗಡಿಯವರು ಸೋಲುವುದಿಲ್ಲ. 2022ರ ಜುಲೈ 18ರಿಂದ 25 ಕೆ.ಜಿ. ತನಕದ, ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ, ಗೋಧಿ, ಬೇಳೆಗಳಿಗೆ ಶೇ 5ರ ಜಿಎಸ್‌ಟಿ ಬಂತು. ಗಿರಣಿಯವರು ತಲೆ ಓಡಿಸಿ 26 ಕೆ.ಜಿ.ಯ ಚೀಲ ಹೊಲಿದರು. ಮಿತಿ ದಾಟಿದ ಚೀಲಕ್ಕೆ ತೆರಿಗೆಯಿಲ್ಲ. ಕೆ.ಜಿ.ಗೆ 60 ರೂಪಾಯಿಯ ಅಕ್ಕಿ ಎಂದರೆ 25 ಕೆ.ಜಿ. ಚೀಲಕ್ಕೆ 1,500, ಅದರ ಮೇಲೆ ತೆರಿಗೆ 75, ಒಟ್ಟು 1,575. ಇಪ್ಪತ್ತಾರರ ಚೀಲಕ್ಕೆ 1,560. ಒಂದು ಕೆ.ಜಿ. ಹೆಚ್ಚಿಗೆ ಬಂದು ಹದಿನೈದು ರೂಪಾಯಿ ಜೇಬಿನಲ್ಲಿ ಉಳಿಯುತ್ತದೆ. ಈ ಚೀಲಗಳು ಸಿಗುವುದು ಅಕ್ಕಿ ಮಂಡಿಗಳಲ್ಲಿ, ದಿನಸಿ ಅಂಗಡಿಗಳಲ್ಲಿ. ಚೀಲ ಬೇಡ, ಐದು ಕೆ.ಜಿ. ಸಾಕು ಎನ್ನುವವರಿಗೆ ಮೂಟೆ ಬಿಚ್ಚಿ ಅಳೆದು ಕೊಡುವ ಬಿಡಿ ಅಕ್ಕಿಗೂ ಆ ತೆರಿಗೆ ಇಲ್ಲ.

ತೊಗರಿ ಬೇಳೆಯದು ಬೇರೆಯ ಕಥೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ), ಅಂದರೆ ಆ ನೆಲದ್ದೇ ವಿಶೇಷವೆಂಬ ಸರ್ಕಾರಿ ಮುದ್ರೆ, ಸಿಕ್ಕಿದೆ. ಆ ಬೇಳೆ ಬೆಂದಾಗ ಬರುವ ಪರಿಮಳವನ್ನು ಒಮ್ಮೆ ಕಂಡವರು ಬೇರೆಯದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ದೇಶದ ಬೆಳೆ ಸಾಲದೆ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದಲೂ ತೊಗರಿ ಹಡಗಿನಲ್ಲಿ ಬರುತ್ತದೆ. ಮಳಿಗೆಯ ಪಾರದರ್ಶಕ ಪೊಟ್ಟಣದಲ್ಲಿ ಎಲ್ಲವೂ ಒಂದೇ ಹಳದಿ. ಅಂಗಡಿಯಲ್ಲಿ ‘ಯಾವ ಕಡೆಯದು?’ ಎಂದು ಕೇಳಬಹುದು, ಒಂದು ಪಾವು ತಂದು ಬೇಯಿಸಿ ನೋಡಿ ಆಮೇಲೆ ತಿಂಗಳಿಗಾಗುವಷ್ಟು ಕೊಳ್ಳಬಹುದು. ಕೆ.ಜಿ.ಗೆ ಆರೇಳು ರೂಪಾಯಿ ಕಡಿಮೆ ಎಂದು ತಂದ ಬೇಳೆ ಕುಕ್ಕರಿನಲ್ಲಿ ಎರಡು ಸೀಟಿ ಹೆಚ್ಚು ಕೇಳಿದರೆ ಉಳಿತಾಯವೆಲ್ಲ ಗ್ಯಾಸಿನ ಪಾಲು.

ನನ್ನ ದಡ್ಡತನದ ಸ್ಮಾರಕ ರವೆ. ಒಂದು ಮಳಿಗೆಯಲ್ಲಿ ಜೂನ್ ತಿಂಗಳಲ್ಲಿ ಐದು ಕೆ.ಜಿ. ರವೆಗೆ ಒಳ್ಳೆಯ ಬೆಲೆ ಕಂಡು ಎತ್ತಿಕೊಂಡು ಬಂದೆ. ನಾವು ಮೂರು ಜನ, ವಾರಕ್ಕೊಮ್ಮೆ ಉಪ್ಪಿಟ್ಟು, ಹಬ್ಬಕ್ಕೆ ಕೇಸರಿಬಾತು. ಆಷಾಢ ಮುಗಿಯುವಷ್ಟರಲ್ಲಿ ಡಬ್ಬಿಯಲ್ಲಿ ರವೆಗಿಂತ ಹುಳವೇ ಚುರುಕಾಗಿತ್ತು. ಮೂರು ಕೆ.ಜಿ.ಯಷ್ಟು ಸುರಿದೆ. ರವೆ, ಮೈದಾ, ಕಡಲೆ ಹಿಟ್ಟು, ರಾಗಿ ಹಿಟ್ಟುಗಳನ್ನು ಮಳೆಗಾಲದಲ್ಲಿ ಅರ್ಧ ಕೆ.ಜಿ.ಗಿಂತ ಹೆಚ್ಚು ಕೊಳ್ಳುವುದು ಹುಳಗಳಿಗೆ ದಾಸೋಹ ಮಾಡಿದಂತೆ. ತಂದ ದಿನವೇ ರವೆಯನ್ನು ಹುರಿದಿಟ್ಟರೆ ಸ್ವಲ್ಪ ಕಾಲ ನಿಲ್ಲುತ್ತದೆ. ಜೊತೆಗೆ, ಶೆಟ್ಟರ ಅಂಗಡಿಯಲ್ಲಿ ‘ರವೆ ಕೊಡಿ’ ಎಂದರೆ ಬನ್ಸಿಯೋ, ಮೀಡಿಯಮ್ಮೋ, ಚಿರೋಟಿಯೋ ಎಂದು ಕೇಳುತ್ತಾರೆ. ಬನ್ಸಿ ರವೆಯ ಉಪ್ಪಿಟ್ಟು ತಿಂದು ಬೆಳೆದವರಿಗೆ ಇದು ಸಣ್ಣ ವಿಷಯವಲ್ಲ.

ಒಣಮೆಣಸಿನಕಾಯಿಯನ್ನು ಮಳಿಗೆಯಲ್ಲಿ ಕೊಳ್ಳಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಮೊಹರಾದ ಪೊಟ್ಟಣದೊಳಗಿನ ಕಾಯಿಯನ್ನು ಮುರಿದು ನೋಡಲಾಗುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯಲ್ಲೇ ‘ಡಬ್ಬಿ’ ಎಂಬ ಗಿಡ್ಡನೆಯ ತಳಿ ಬೇರೆ, ‘ಕಡ್ಡಿ’ ಎಂಬ ಉದ್ದನೆಯದು ಬೇರೆ. ಬಣ್ಣ ಕೆಂಪು, ಮೈಯೆಲ್ಲ ಸುಕ್ಕು, ಖಾರ ಕಡಿಮೆ. ಖಾರಕ್ಕೆ ಗುಂಟೂರು ಬೆರೆಸಿಕೊಳ್ಳಬೇಕು. ಸಂಕ್ರಾಂತಿ ಕಳೆದ ಮೇಲೆ ಹೊಸ ಕಾಯಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ರಾಶಿ ರಾಶಿ ಬರುತ್ತದೆ. ಯುಗಾದಿಯ ಆಸುಪಾಸಿನಲ್ಲಿ ವರ್ಷಕ್ಕಾಗುವಷ್ಟು ಕೊಂಡು, ಬಿಸಿಲಿಗೆ ಹಾಕಿ, ಗಿರಣಿಯಲ್ಲಿ ಪುಡಿ ಮಾಡಿಸುವ ಮನೆಗಳು ಇನ್ನೂ ಇವೆ. ಅಲುಗಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು, ಮುರಿದರೆ ಚಟ್ ಎನ್ನಬೇಕು. ಮೆತ್ತಗೆ ಬಾಗಿದರೆ ನೀವು ನೀರಿಗೆ ದುಡ್ಡು ಕೊಡುತ್ತಿದ್ದೀರಿ. ಬೆಲ್ಲಕ್ಕೂ ಇಂಥದೇ ಕಣ್ಣು ಬೇಕು: ಚಿನ್ನದಂತೆ ಹೊಳೆಯುವ ಹಳದಿ ಅಚ್ಚಿಗಿಂತ ಕಂದು ಬಣ್ಣದ ಉಂಡೆಯೇ ಮೇಲು, ಆ ಹೊಳಪು ಬಹಳ ಸಲ ರಾಸಾಯನಿಕದ ಕೊಡುಗೆ.

ಅಂಗಡಿಯ ಬಿಡಿ ಸಾಮಾನೆಲ್ಲ ಪರಿಶುದ್ಧ ಎಂದು ನಾನು ಹೇಳುತ್ತಿಲ್ಲ. ಕಾಳು, ಕಾಯಿ, ಬೇರುಗಳನ್ನು ಬಿಡಿಯಾಗಿ ಕೊಳ್ಳಿ. ಪುಡಿ ಮಾಡಿದ್ದನ್ನು, ಅಂದರೆ ಅರಿಶಿನ, ಖಾರದ ಪುಡಿ, ದನಿಯಾ ಪುಡಿಗಳನ್ನು ಬಿಡಿಯಾಗಿ ಕೊಳ್ಳಲೇಬೇಡಿ. ಪುಡಿಯಲ್ಲಿ ಏನು ಬೆರೆತಿದೆ ಎಂದು ಶೆಟ್ಟರಿಗೂ ಗೊತ್ತಿರುವುದಿಲ್ಲ. ತಯಾರಕರ ಹೆಸರು, ದಿನಾಂಕ ಇರುವ ಪೊಟ್ಟಣವೇ ಆಗಬೇಕು, ಆದ್ದರಿಂದ ಪುಡಿಗಳು ಮಳಿಗೆಯ ತುಂಡಿಗೆ ಸೇರಿದವು.

ತರಕಾರಿ ಮತ್ತು ಮೊಬೈಲ್

ತರಕಾರಿಗೆ ಮಳಿಗೆ ಬೇಡ. ಈರುಳ್ಳಿ, ಆಲೂಗಡ್ಡೆ ಕಣ್ಣಿಗೆ ಬಿದ್ದರೆ ತನ್ನಿ, ಅಷ್ಟೇ. ಬೆಂಗಳೂರಿನಲ್ಲಿದ್ದರೆ ಹಾಪ್‌ಕಾಮ್ಸ್ ಇದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ, ತೋಟಗಾರಿಕಾ ತಜ್ಞ ಎಂ.ಎಚ್. ಮರಿಗೌಡರ ಕನಸಿನ ಸಂಸ್ಥೆ. ದಿನದ ಬೆಲೆ ಫಲಕದ ಮೇಲಿರುತ್ತದೆ, ಚೌಕಾಸಿ ಇಲ್ಲ, ತೂಕದಲ್ಲಿ ಮೋಸವಿಲ್ಲ. ಸೊಪ್ಪಿಗೆ ಮಾತ್ರ ಬೆಳಿಗ್ಗೆ ಬರುವ ತಳ್ಳುಗಾಡಿಯೇ ಸರಿ. ಸಂತೆ ಇರುವ ಊರಿನವರಿಗೆ ನಾನು ಹೇಳಿಕೊಡುವುದು ಏನೂ ಇಲ್ಲ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿಯನ್ನು ಹುಡುಕಿಕೊಂಡು ಹವಾನಿಯಂತ್ರಿತ ಮಳಿಗೆಗೆ ಹೋಗುವವರನ್ನು ಕಂಡರೆ ಕನಿಕರವಾಗುತ್ತದೆ.

ಹತ್ತು ನಿಮಿಷದಲ್ಲಿ ಬಾಗಿಲಿಗೆ ತರುವ ಆ್ಯಪ್‌ಗಳನ್ನು ಅಗ್ಗದ ಸಾಲಿಗೆ ಸೇರಿಸಬೇಡಿ. ಸಾಮಾನಿನ ಬೆಲೆ ಒಮ್ಮೊಮ್ಮೆ ಮಳಿಗೆಯಷ್ಟೇ ಇರುತ್ತದೆ, ಆದರೆ ಬಿಲ್ಲಿನ ಕೆಳಗೆ ನಿರ್ವಹಣಾ ಶುಲ್ಕ, ವಿತರಣಾ ಶುಲ್ಕ, ಸಣ್ಣ ಬುಟ್ಟಿಯ ಶುಲ್ಕ ಎಂದು ಸಾಲುಗಟ್ಟುತ್ತದೆ. ಶುಲ್ಕ ತಪ್ಪಿಸಲು ಬೇಡದ್ದನ್ನು ಸೇರಿಸುತ್ತೇವೆ. ಕೊತ್ತಂಬರಿ ಸೊಪ್ಪಿಗೆಂದು ಮೊಬೈಲ್ ತೆಗೆದವನು ಚಿಪ್ಸ್, ಐಸ್‌ಕ್ರೀಮ್ ಸೇರಿಸಿ ಇನ್ನೂರು ರೂಪಾಯಿ ಕೊಟ್ಟದ್ದುಂಟು. ಒಗ್ಗರಣೆ ಇಟ್ಟ ಮೇಲೆ ಸಾಸಿವೆ ಮುಗಿದದ್ದು ಗೊತ್ತಾದಾಗ, ಮನೆಯಲ್ಲಿ ಕಾಯಿಲೆ ಬಿದ್ದವರಿದ್ದಾಗ, ಮೆಟ್ಟಿಲು ಇಳಿಯಲಾಗದ ಹಿರಿಯರಿದ್ದಾಗ ಅವು ಬೇಕು. ಅಂಥವರಿಗೆ ಆ ಶುಲ್ಕ ದುಬಾರಿಯೂ ಅಲ್ಲ.

ದಾರಿಯ ಖರ್ಚು

ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೊ ಮೀಟರ್ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ನಾಲ್ಕು ಕಿಲೋಮೀಟರ್ ದೂರದ ಮಳಿಗೆಗೆ ಹೋಗಲು 72, ಬರಲು 72. ಅದೂ ಮೀಟರಿನಂತೆ ಬರುವ ಪುಣ್ಯಾತ್ಮ ಸಿಕ್ಕರೆ. ಮಳಿಗೆಯ ತುಂಡಿನಲ್ಲಿರುವ ಸಾಮಾನಿನ ಮೇಲೆ ನೂರಕ್ಕೆ ಎಂಟು ರೂಪಾಯಿ ಉಳಿಯುತ್ತದೆ ಎಂದುಕೊಂಡರೂ, ಆಟೊದ 144 ರೂಪಾಯಿ ಹುಟ್ಟಬೇಕಾದರೆ 1,800 ರೂಪಾಯಿಯ ಸಾಮಾನು ಕೊಳ್ಳಬೇಕು. ಅಲ್ಲಿಂದ ಮೇಲಿನದು ಮಾತ್ರ ಲಾಭ. ಹಾಗಾಗಿ ವಾರಕ್ಕೊಮ್ಮೆ ಹೋಗುವುದು ಹುಚ್ಚು, ಎರಡು ತಿಂಗಳಿಗೊಮ್ಮೆ ಹೋಗಿ ಸೋಪು, ಪುಡಿ, ಎಣ್ಣೆ ತುಂಬಿಕೊಳ್ಳುವುದು ಜಾಣತನ. ಸೋಪಿಗೆ ಹುಳ ಬೀಳುವುದಿಲ್ಲ.

ಹೆಂಗಸರ ಲೆಕ್ಕ ಮಾತ್ರ ಬೇರೆಯಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ನಮ್ಮ ಮನೆಯಾಕೆ ಪಕ್ಕದ ಮನೆಯವರ ಜೊತೆ ಸೇರಿ ಮೂರು ತಿಂಗಳಿಗೊಮ್ಮೆ ಕೆ.ಆರ್. ಮಾರುಕಟ್ಟೆಗೆ ಇಳಿದು, ತರಗುಪೇಟೆಯ ಸಗಟು ಅಂಗಡಿಗಳಲ್ಲಿ ದನಿಯಾ, ಜೀರಿಗೆ, ಮೆಣಸು, ಹುಣಸೆಹಣ್ಣು ಕೊಂಡು ಮನೆಯಲ್ಲಿ ಹಂಚಿಕೊಳ್ಳುತ್ತಾರೆ. ಅಲ್ಲಿಯ ಬೆಲೆಯ ಮುಂದೆ ಮಳಿಗೆಯೂ ಇಲ್ಲ, ಶೆಟ್ಟರೂ ಇಲ್ಲ. ಮೈಸೂರಿನವರಿಗೆ ಸಂತೆಪೇಟೆ, ಮಂಗಳೂರಿನವರಿಗೆ ಬಂದರಿನ ಸಗಟು ಅಂಗಡಿಗಳು ಇದೇ ಕೆಲಸಕ್ಕೆ ಒದಗುತ್ತವೆ. ಚೀಲ ಹೊರುವ ತೋಳು, ಹಂಚಿಕೊಳ್ಳುವ ನೆರೆ ಎರಡೂ ಇದ್ದರೆ ಮೂರನೆಯ ತುಂಡೊಂದನ್ನು ಹರಿದುಕೊಳ್ಳಿ.

ಒಬ್ಬರೇ ಕೋಣೆ ಮಾಡಿಕೊಂಡಿರುವವರು ಮಳಿಗೆಯ ಕಡೆ ತಲೆ ಹಾಕದಿದ್ದರೂ ನಷ್ಟವಿಲ್ಲ. ಅಲ್ಲಿಯ ಬೆಲೆ ಇರುವುದು ದೊಡ್ಡ ಪೊಟ್ಟಣಕ್ಕೆ, ಅಂಗಡಿಯಲ್ಲಾದರೆ ಐವತ್ತು ಗ್ರಾಂ ಸಾಸಿವೆಯೂ ಸಿಗುತ್ತದೆ. ಐದಾರು ಜನರ ಮನೆಗೆ ಮಳಿಗೆಯ ತುಂಡು ಉದ್ದವಾಗಲಿ. ಸಂಬಳ ತಿಂಗಳ ಹತ್ತನೇ ತಾರೀಖಿನ ನಂತರ ಬರುವವರಿಗೆ, ದಿನಗೂಲಿಯವರಿಗೆ ಶೆಟ್ಟರ ಉದ್ರಿ ಪುಸ್ತಕದ ಎದುರು ಯಾವ ರಿಯಾಯಿತಿಯೂ ನಿಲ್ಲುವುದಿಲ್ಲ. ಬಡ್ಡಿಯಿಲ್ಲದೆ ಮೂರು ವಾರ ಸಾಲ ಕೊಡುವ ಅಂಗಡಿಯಲ್ಲಿ ಸೋಪಿಗೆ ಎರಡು ರೂಪಾಯಿ ಹೆಚ್ಚು ಕೊಡುವುದು ನ್ಯಾಯವೇ. ಆದರೆ ಪುಸ್ತಕವನ್ನು ತಿಂಗಳಿಗೊಮ್ಮೆ ಕುಳಿತು ಓದಿ. ನಾನು ಎರಡು ವರ್ಷ ಬೇರೆ ಕಡೆ ಹೋಗಿ ಮತ್ತೆ ಮೆಟ್ಟಿಲು ಹತ್ತಿದಾಗ ಶೆಟ್ಟರು ಏನೂ ಕೇಳಲಿಲ್ಲ, ನನ್ನ ಹಳೆಯ ಪುಟ ತೆರೆದು ಬಾಕಿ ಇದ್ದ ನಲವತ್ತು ರೂಪಾಯಿಯನ್ನು ತೋರಿಸಿದರು.

ಹಾಲನ್ನು ಯಾವ ತುಂಡಿನಲ್ಲೂ ಬರೆಯುವುದಿಲ್ಲ. ನಂದಿನಿ ಪೊಟ್ಟಣದ ಬೆಲೆ ಎಲ್ಲ ಕಡೆ ಒಂದೇ, ಯಾವ ಅಂಗಡಿ ಹತ್ತಿರವೋ ಅದೇ ಒಳ್ಳೆಯದು. ಕೆಲವು ಕಡೆ ಫ್ರಿಜ್ಜಿನಲ್ಲಿಟ್ಟ ಖರ್ಚೆಂದು ಮೇಲೊಂದು ರೂಪಾಯಿ ಕೇಳುತ್ತಾರೆ. ಎಂಆರ್‌ಪಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಬೆಳಿಗ್ಗೆ ಆರು ಗಂಟೆಗೆ, ಕಾಫಿ ಕುಡಿಯದ ಬಾಯಲ್ಲಿ, ನಾನು ಇದುವರೆಗೆ ಹೇಳಿಲ್ಲ.